ಮುಂದಿನ ಬೈಕ್ ಕಣ್ಮರೆಯಾಗಲಿ ಬಿಡಿ

ಸ್ಕ್ರೀನ್ ಮೇಲೆ ನನ್ನ ಮುಂದೆ ಹೋಗುತ್ತಿರುವ ಬೈಕ್ ನೋಡಿ. ಎಷ್ಟು ದೂರ ಇದೆ ಅನ್ನಿಸುತ್ತದೆ? ತುಂಬಾ ದೂರ ಅಲ್ವಾ? ಅಷ್ಟೇನೂ ಇಲ್ಲ. ಇದು ಆಕ್ಷನ್ ಕ್ಯಾಮೆರಾದ ವೈಡ್ ಲೆನ್ಸ್ ಮಾಡುವ ಮೋಸ. ಮುಂದಿರುವುದನ್ನೆಲ್ಲ ಅದು ಚಿಕ್ಕದಾಗಿ ತೋರಿಸುತ್ತದೆ, ಹಾಗಾಗಿ ಗ್ಯಾಪ್ ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಯಾರ ವಿಡಿಯೋ ನೋಡಿಯೂ ಗ್ಯಾಪ್ ಎಷ್ಟಿರಬೇಕು ಅಂತ ಕಲಿಯಬೇಡಿ. ನನ್ನದೂ ಸೇರಿ.

ಇವತ್ತು ಮಾತಾಡುವುದು ಆ ಗ್ಯಾಪ್ ಬಗ್ಗೆಯೇ. ತಿರುವುಗಳ ರಸ್ತೆಯಲ್ಲಿ ಒಬ್ಬರ ಹಿಂದೆ ಒಬ್ಬರು ಹೋಗುವಾಗ ಎಷ್ಟು ದೂರ ಇರಬೇಕು, ಮುಂದಿನವರನ್ನು ಎಷ್ಟರ ಮಟ್ಟಿಗೆ ನಂಬಬೇಕು. ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ: ಮುಂದಿನವನು ತಿರುವಿನಾಚೆ ಕಣ್ಮರೆಯಾದರೂ ಪರವಾಗಿಲ್ಲ, ಎಷ್ಟೋ ಸಲ ಅದೇ ಒಳ್ಳೆಯದು. ಗ್ರೂಪ್ ರೈಡ್ ಅಂದರೆ ಜೊತೆಗೆ ಹೋಗುವುದು, ಒಬ್ಬೊಬ್ಬರೇ ಹೋಗುವುದಾದರೆ ಗ್ರೂಪ್ ಯಾಕೆ ಅಂತ ಕೆಲವರು ಮುಖ ಊದಿಸಿಕೊಳ್ಳುತ್ತಾರೆ. ಅವರಿಗೂ ಉತ್ತರ ಇದೆ, ಸ್ವಲ್ಪ ತಾಳಿ.

ನೇರ ರಸ್ತೆಯ ಲೆಕ್ಕ ಎಲ್ಲರಿಗೂ ಗೊತ್ತು, ಎರಡು ಸೆಕೆಂಡ್. ಮುಂದಿನ ಬೈಕ್ ಒಂದು ಕಂಬ ದಾಟಿದ ಮೇಲೆ ನೀವು ಅದೇ ಕಂಬ ದಾಟಲು ಕನಿಷ್ಠ ಎರಡು ಸೆಕೆಂಡ್ ಆಗಬೇಕು. ಗಂಟೆಗೆ 72 ಕಿಲೋಮೀಟರ್ ಅಂದರೆ ಸೆಕೆಂಡಿಗೆ 20 ಮೀಟರ್, ಅಲ್ಲಿಗೆ ಗ್ಯಾಪ್ 40 ಮೀಟರ್. ರಸ್ತೆ ಒದ್ದೆ ಇದ್ದರೆ ಇನ್ನೂ ಜಾಸ್ತಿ ಇಟ್ಟುಕೊಳ್ಳಿ. ಇನ್ನು ಸ್ಟ್ಯಾಗರ್ಡ್ ಫಾರ್ಮೇಶನ್ ಇದೆಯಲ್ಲ, ಒಬ್ಬರು ಲೇನಿನ ಎಡಕ್ಕೆ, ಹಿಂದಿನವರು ಬಲಕ್ಕೆ, ಅದರಲ್ಲಿ ಓರೆಯಾಗಿ ಮುಂದಿರುವವರಿಗೂ ನಿಮಗೂ ಒಂದು ಸೆಕೆಂಡ್, ನೇರ ಮುಂದಿರುವವರಿಗೂ ನಿಮಗೂ ಎರಡು. ನೇರ ರಸ್ತೆಗೆ ಅದು ಚೆನ್ನಾಗಿದೆ. ತಿರುವು ಶುರುವಾದ ತಕ್ಷಣ ಅದನ್ನು ಬಿಟ್ಟು ಒಂದೇ ಸಾಲಿಗೆ ಬರಬೇಕು, ಯಾಕೆಂದರೆ ಅಲ್ಲಿ ಪ್ರತಿಯೊಬ್ಬರಿಗೂ ತಮ್ಮ ಲೈನ್, ಅಂದರೆ ತಿರುವಿನೊಳಗೆ ಬೈಕ್ ಸಾಗುವ ದಾರಿ, ಹಿಡಿಯಲು ಲೇನಿನ ಪೂರ್ತಿ ಅಗಲ ಬೇಕು.

ಆದರೆ ಈ ಎರಡು ಸೆಕೆಂಡ್ ಲೆಕ್ಕದೊಳಗೆ ಒಂದು ಊಹೆ ಅಡಗಿದೆ. ಮುಂದಿನವನು ನಿಮಗೆ ಕಾಣುತ್ತಿರುತ್ತಾನೆ, ಅವನು ಬ್ರೇಕ್ ಹಿಡಿದು ನಿಧಾನವಾಗಿ ನಿಲ್ಲುತ್ತಾನೆ, ನೀವೂ ಅವನ ಹಿಂದೆ ಅಷ್ಟೇ ದೂರದಲ್ಲಿ ನಿಲ್ಲುತ್ತೀರಿ ಅನ್ನುವುದು. ಕುರುಡು ತಿರುವಿನಲ್ಲಿ ಇದು ಯಾವುದೂ ಖಾತ್ರಿ ಇಲ್ಲ. ಅವನು ಬಂಡೆಗೋ ತಡೆಗೋಡೆಗೋ ಬಡಿದು ನಿಂತಿದ್ದರೆ, ಬೈಕ್ ರಸ್ತೆಗೆ ಅಡ್ಡ ಬಿದ್ದಿದ್ದರೆ, ನಿಮಗೆ ಬೇಕಾದದ್ದು ಎರಡು ಸೆಕೆಂಡಲ್ಲ, ಪೂರ್ತಿ ನಿಲ್ಲುವಷ್ಟು ರಸ್ತೆ. ಲೆಕ್ಕ ಹಾಕೋಣ. 72ರ ವೇಗದಲ್ಲಿ ಮೆದುಳು ಎಚ್ಚೆತ್ತು ಕೈ ಬ್ರೇಕ್ ಒತ್ತುವ ಹೊತ್ತಿಗೆ, ಒಂದು ಸೆಕೆಂಡ್ ಅಂತಿಟ್ಟುಕೊಂಡರೆ, 20 ಮೀಟರ್ ಹೋಗಿರುತ್ತದೆ. ಒಣ ರಸ್ತೆ, ಒಳ್ಳೆ ಟೈರ್, ಗಟ್ಟಿಯಾಗಿ ಬ್ರೇಕ್ ಹಿಡಿದರೂ ಇನ್ನೂ ಸುಮಾರು 29 ಮೀಟರ್. ಒಟ್ಟು 50 ಹತ್ತಿರ. ಅದೇ 36ರಲ್ಲಿ ಒಟ್ಟು 17 ಮೀಟರ್ ಸಾಕು. ವೇಗ ಅರ್ಧವಾದರೆ ಬ್ರೇಕ್ ಹಿಡಿದ ಮೇಲೆ ಹೋಗುವ ದೂರ ಕಾಲು ಭಾಗಕ್ಕೆ ಇಳಿಯುತ್ತದೆ. ಅದೂ ಬೈಕ್ ನೆಟ್ಟಗಿದ್ದಾಗಿನ ಮಾತು, ಬಾಗಿದ್ದರೆ ಇಷ್ಟು ಬೇಗ ನಿಲ್ಲುವುದಿಲ್ಲ. ಅದಕ್ಕೇ ತಿರುವಿನಲ್ಲಿ ನಾನು ಅಳೆಯುವುದು ಮುಂದಿನ ಬೈಕಿನ ದೂರವನ್ನಲ್ಲ. ನನಗೆ ಕಾಣುವ ಖಾಲಿ ರಸ್ತೆ ಎಷ್ಟಿದೆ, ಅಷ್ಟರೊಳಗೆ ನಿಲ್ಲಬಲ್ಲೆನಾ ಅನ್ನುವುದನ್ನು. ರಸ್ತೆಯ ಎರಡೂ ಅಂಚು ಕೂಡಿದಂತೆ ಕಾಣುವ ಜಾಗ ಇದೆಯಲ್ಲ, ಅದು ಹತ್ತಿರ ಬರುತ್ತಿದ್ದರೆ ತಿರುವು ಬಿಗಿಯಾಗುತ್ತಿದೆ, ವೇಗ ಇಳಿಸಬೇಕು. ಅದು ದೂರ ಸರಿಯಲು ಶುರು ಮಾಡಿದರೆ ರಸ್ತೆ ಬಿಚ್ಚಿಕೊಳ್ಳುತ್ತಿದೆ.

ಈಗ ಈ ಕ್ಲಿಪ್ ಗಮನ ಇಟ್ಟು ನೋಡಿ, ನನಗೆ ತುಂಬಾ ಇಷ್ಟವಾದ ಭಾಗ ಇದು. ನೇರ ರಸ್ತೆಯಲ್ಲಿ ಇಬ್ಬರೂ 72ರಲ್ಲಿ ಇದ್ದೇವೆ ಅಂದುಕೊಳ್ಳಿ, ಎರಡು ಸೆಕೆಂಡ್ ಗ್ಯಾಪ್, 40 ಮೀಟರ್. ಬಿಗಿಯಾದ ಹೇರ್‌ಪಿನ್ ಬಂತು, ಇಬ್ಬರೂ 36ಕ್ಕೆ ಇಳಿದೆವು. ಗ್ಯಾಪ್ ಈಗಲೂ ಎರಡೇ ಸೆಕೆಂಡ್, ಆದರೆ ಮೀಟರಿನಲ್ಲಿ 20 ಆಗಿಹೋಯಿತು. ಅವನು ತಿರುವು ಮುಗಿಸಿ ಆಕ್ಸಿಲರೇಟರ್ ತಿರುಗಿಸುತ್ತಾನೆ, ನಾನಿನ್ನೂ ತಿರುವಿನ ನಡುವೆ ಇದ್ದೇನೆ, ಅವನು ನನ್ನಿಂದ ಬಾಣದಂತೆ ದೂರ ಹೋಗುತ್ತಿರುವ ಹಾಗೆ ಕಾಣುತ್ತದೆ. ವಾಸ್ತವದಲ್ಲಿ ನಾನು ಒಂದು ಕ್ಷಣವನ್ನೂ ಕಳೆದುಕೊಂಡಿಲ್ಲ, ನಾನೂ ಹೊರಬಂದ ಮೇಲೆ ಅದೇ 40 ಮೀಟರ್ ತಾನಾಗೇ ಸಿಗುತ್ತದೆ. ಆದರೆ ಕಣ್ಣಿಗೆ ಸೆಕೆಂಡ್ ಕಾಣುವುದಿಲ್ಲ, ಮೀಟರ್ ಮಾತ್ರ ಕಾಣುತ್ತದೆ. ಅಯ್ಯೋ ಹಿಂದೆ ಬಿದ್ದೆ ಅಂತ ಅನ್ನಿಸಿ, ಬೈಕ್ ಇನ್ನೂ ಬಾಗಿರುವಾಗಲೇ ಕೈ ಆಕ್ಸಿಲರೇಟರ್ ಕಡೆ ಹೋಗುತ್ತದೆ. ಆಮೇಲೆ ಮುಂದಿನ ತಿರುವಿಗೆ ಜಾಸ್ತಿ ವೇಗದಲ್ಲಿ ಬಂದು ಗಾಬರಿಯಲ್ಲಿ ಬ್ರೇಕ್. ಎಳೆದ ರಬ್ಬರ್ ಬ್ಯಾಂಡ್ ಹಾಗೆ ಇದು, ಸಾಲಿನಲ್ಲಿ ಹಿಂದೆ ಹಿಂದೆ ಹೋದಷ್ಟೂ ಎಳೆತ ಜೋರು. ಲೀಡ್ ಮಾಡುವವನು ಆರಾಮಾಗಿ ಹೋಗುತ್ತಿರುವಾಗ ಕೊನೆಯವನು ಯಾಕೆ ಬೆವರುತ್ತಿರುತ್ತಾನೆ ಅಂದರೆ ಇದಕ್ಕೇ. ಮತ್ತೆ ನಾವು ಮಾಡುವುದೇನು? ಹೊಸಬರನ್ನು ಕೊನೆಗೆ ಹಾಕುತ್ತೇವೆ! ಅವರು ಲೀಡರ್ ಹಿಂದೆಯೇ ಇರಬೇಕು, ಲೀಡರ್ ಕನ್ನಡಿಯಲ್ಲಿ ಅವರನ್ನು ನೋಡಿಕೊಂಡು ವೇಗ ಇಟ್ಟುಕೊಳ್ಳಬೇಕು. ಕೊನೆಯಲ್ಲಿ ಅನುಭವ ಇರುವವರು ಬರಲಿ.

ಹಿಡಿಯಲು ಹೋಗಿ ಏರಿಸುವ ಆ ಸ್ವಲ್ಪ ವೇಗ ನಿಜಕ್ಕೂ ಸ್ವಲ್ಪವಾ? 40 ಮೀಟರ್ ತ್ರಿಜ್ಯದ ತಿರುವಿನಲ್ಲಿ 60ರ ವೇಗಕ್ಕೆ ಬೈಕ್ ಸುಮಾರು 35 ಡಿಗ್ರಿ ಬಾಗಬೇಕು. 70ಕ್ಕೆ? ಸುಮಾರು 44 ಡಿಗ್ರಿ. ಟೈರಿನ ಅಗಲ ಲೆಕ್ಕಕ್ಕೆ ತಗೊಂಡರೆ ಇನ್ನೂ ಜಾಸ್ತಿ. ಬರೀ 10 ಕಿಲೋಮೀಟರ್ ಏರಿಸಿದ್ದಕ್ಕೆ ಇಷ್ಟು. ಅಲ್ಲಿಗೆ ಟೈರಿನ ಹಿಡಿತವೆಲ್ಲ ಬೈಕನ್ನು ತಿರುಗಿಸುವುದಕ್ಕೇ ಖರ್ಚಾಗಿ, ಬ್ರೇಕಿಗೆ ಅಂತ ಹೆಚ್ಚೇನೂ ಉಳಿದಿರುವುದಿಲ್ಲ. ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಇದೆಯಲ್ಲ ಅನ್ನಬೇಡಿ. ಸಾಮಾನ್ಯ ಎಬಿಎಸ್‌ಗೆ ಬೈಕ್ ಎಷ್ಟು ಬಾಗಿದೆ ಅನ್ನುವುದು ಗೊತ್ತೇ ಇಲ್ಲ. ಬಾಗಿರುವುದನ್ನು ಅಳೆದು ಕೆಲಸ ಮಾಡುವ ಬಾಷ್ ಕಂಪನಿಯ ವ್ಯವಸ್ಥೆ 2014ರ ಮಾಡೆಲ್ ಕೆಟಿಎಂ 1190 ಅಡ್ವೆಂಚರ್‌ನಲ್ಲಿ ಬಂತು, ಈಗ ದುಬಾರಿ ಬೈಕುಗಳಲ್ಲಿ ಸಿಗುತ್ತದೆ. ಅದೂ ಇಲ್ಲದ ಹಿಡಿತವನ್ನು ಹುಟ್ಟಿಸುವುದಿಲ್ಲ.

ಇನ್ನು ಕಣ್ಣಿನ ವಿಷಯ. ಹತ್ತಿರ ಹೋದಷ್ಟೂ ಕಣ್ಣು ಮುಂದಿನ ಬೈಕಿನ ಟೈಲ್ ಲೈಟಿಗೆ ಅಂಟಿಕೊಳ್ಳುತ್ತದೆ. ಬೈಕ್ ಕಣ್ಣು ನೋಡಿದ ಕಡೆಗೇ ಹೋಗುತ್ತದೆ, ಇದು ಸವಾರಿ ಮಾಡುವ ಎಲ್ಲರಿಗೂ ಗೊತ್ತು. ಅವನು ಲೈನ್ ತಪ್ಪಿ ಹೊರಗೆ ಹೋದರೆ ಹಿಂದಿನವನೂ ಅವನ ಬೆನ್ನಿಗೇ ಹೋಗುತ್ತಾನೆ, ತನಗೆ ತಿರುಗಲು ಬೇಕಾದಷ್ಟು ಜಾಗ ಇದ್ದರೂ. 1981ರಲ್ಲಿ ಅಮೆರಿಕದಲ್ಲಿ ಬಂದ ಹರ್ಟ್ ವರದಿಗೆ ಲಾಸ್ ಏಂಜಲೀಸ್ ಸುತ್ತಮುತ್ತ 900ಕ್ಕೂ ಹೆಚ್ಚು ಬೈಕ್ ಅಪಘಾತಗಳನ್ನು ಪರಿಶೀಲಿಸಿದ್ದರು. ಬೇರೆ ವಾಹನ ಸೇರಿಲ್ಲದ ಅಪಘಾತಗಳಲ್ಲಿ ಸುಮಾರು ಮೂರರಲ್ಲಿ ಎರಡಕ್ಕೆ ಸವಾರನ ತಪ್ಪೇ ಕಾರಣ. ಜಾಸ್ತಿ ಬ್ರೇಕ್ ಹಿಡಿದು ಜಾರಿದ್ದು, ಇಲ್ಲವೇ ತಿರುವಿನಲ್ಲಿ ವೇಗ ಜಾಸ್ತಿಯಾಗಿಯೋ ಸಾಕಷ್ಟು ತಿರುಗಿಸದೆಯೋ ಹೊರಗೆ ಹೋಗಿದ್ದು. ಆ 'ಸಾಕಷ್ಟು ತಿರುಗಿಸದೆ' ಅನ್ನುವುದನ್ನು ಗಮನಿಸಿ. ಇನ್ನಷ್ಟು ಬಾಗಿಸಿದ್ದರೆ ಬಚಾವಾಗುತ್ತಿದ್ದರೋ ಏನೋ, ನೋಟ ಮಾತ್ರ ಬೇರೆ ಕಡೆ ಇತ್ತು ಅಂತ ನನಗನ್ನಿಸುತ್ತದೆ.

ಟೈಲ್ ಲೈಟ್ ನಂಬಿಕೊಂಡು ಹೋಗುವುದರಲ್ಲಿ ಇನ್ನೊಂದು ತೊಂದರೆ, ಅದು ಪೂರ್ತಿ ಸುದ್ದಿ ಕೊಡುವುದಿಲ್ಲ. ಗೇರ್ ಇಳಿಸಿ ಎಂಜಿನ್ ಬ್ರೇಕಿಂಗ್‌ನಲ್ಲೇ ವೇಗ ಕಮ್ಮಿ ಮಾಡುವವರ ಬ್ರೇಕ್ ಲೈಟ್ ಹತ್ತುವುದೇ ಇಲ್ಲ. ಕೆಲವರು ತಿರುವಿನೊಳಗೆ ಹೋಗುವವರೆಗೂ ಮುಂದಿನ ಬ್ರೇಕನ್ನು ಮೆಲ್ಲಗೆ ಹಿಡಿದೇ ಇರುತ್ತಾರೆ, ಲೈಟ್ ಉರಿಯುತ್ತಲೇ ಇರುತ್ತದೆ, ಅದನ್ನು ನೋಡಿ ಹಿಂದಿನವನು ಸುಮ್ನೆ ಗಾಬರಿಯಾಗುತ್ತಾನೆ. ಅವನ ಟೈರ್ ಬೇರೆ, ನಿಮ್ಮ ಟೈರ್ ಬೇರೆ. ನಿಮ್ಮ ಹಿಂದೆ ಒಬ್ಬರು ಕೂತಿದ್ದರಂತೂ ಬೈಕೇ ಬೇರೆ.

ಹೆಲ್ಮೆಟ್‌ನಲ್ಲೇ ಒಬ್ಬರಿಗೊಬ್ಬರು ಮಾತಾಡುವ ಇಂಟರ್‌ಕಾಮ್ ಬಂದ ಮೇಲೆ ಹೊಸ ಚಾಳಿ ಒಂದು ಶುರುವಾಗಿದೆ. ಮುಂದಿನವನು ಕಾರನ್ನು ಓವರ್‌ಟೇಕ್ ಮಾಡಿ, ರಸ್ತೆ ಕ್ಲಿಯರ್ ಇದೆ ಬಾ ಅನ್ನುತ್ತಾನೆ. ಅವನು ಹೇಳಿದ ಕ್ಷಣಕ್ಕೆ ನಿಜವೇ. ಎದುರಿನಿಂದ 72ರಲ್ಲಿ ಬರುವ ವಾಹನ ಮೂರು ಸೆಕೆಂಡಿನಲ್ಲಿ 60 ಮೀಟರ್ ಹತ್ತಿರ ಬಂದಿರುತ್ತದೆ, ಅಷ್ಟೇ ವೇಗದಲ್ಲಿ ನೀವೂ ಅದರ ಕಡೆ ಹೋಗಿರುತ್ತೀರಿ. ಬೇರೆಯವರ ಕಣ್ಣಲ್ಲಿ ನೋಡಿ ಓವರ್‌ಟೇಕ್ ಮಾಡಬೇಡಿ, ಇದರಲ್ಲಿ ನನಗೆ ಎರಡನೇ ಮಾತಿಲ್ಲ. 'ಜಲ್ಲಿ ಇದೆ', 'ಲಾರಿ ಬರ್ತಿದೆ' ಅಂತ ಹೇಳಿದರೆ ತಕ್ಷಣ ನಂಬಿ. ಎಚ್ಚರಿಕೆ ಸುಳ್ಳಾದರೆ ಹೋಗುವುದು ಒಂದಿಷ್ಟು ವೇಗ ಮಾತ್ರ.

ಸರಿ, ಹಾಗಾದರೆ ಗ್ರೂಪ್ ಯಾಕೆ ಅಂತ ಕೇಳಿದವರಿಗೆ. ನಂಬಿಕೆ ಇದ್ದರೆ ಹತ್ತಿರ ಹೋಗುತ್ತೇವೆ ಅನ್ನುವವರ ಜೊತೆ ನನಗೆ ಜಗಳವೇ ಇದೆ. ನಾವು ಒಂದು ಪದ್ಧತಿ ಇಟ್ಟುಕೊಂಡಿದ್ದೇವೆ. ರಸ್ತೆ ಕವಲೊಡೆಯುವ ಕಡೆ ಪ್ರತಿಯೊಬ್ಬರೂ ತಮ್ಮ ಹಿಂದಿನವರು ಕಾಣುವವರೆಗೆ, ಸುರಕ್ಷಿತ ಜಾಗ ನೋಡಿ, ಕಾಯಬೇಕು. ನೇರ ಹೋಗುವುದಿದ್ದರೂ ಸರಿ, ಗೊಂದಲ ಆಗಬಹುದು ಅನ್ನಿಸಿದರೆ ನಿಲ್ಲಬೇಕು. ಹಿಂದಿನವನು ಬರಲಿಲ್ಲವಾ? ಮುಂದೆ ಹೋಗುವಂತಿಲ್ಲ, ವಾಪಸ್ ಹೋಗಿ ನೋಡಬೇಕು. ಇಷ್ಟು ಗೊತ್ತಿದ್ದರೆ ದಾರಿ ತಪ್ಪುತ್ತೇನೆ ಅನ್ನುವ ಭಯ ಯಾರಿಗೂ ಇರುವುದಿಲ್ಲ. ಆ ಭಯ ಹೋದರೆ ಒಬ್ಬರ ಬೆನ್ನಿಗೆ ಒಬ್ಬರು ಬೀಳುವ ಕಾರಣವೂ ಹೋಗುತ್ತದೆ. ಕಾಯುತ್ತಾನೆ ಅನ್ನುವ ನಂಬಿಕೆ ಇದ್ದರೆ ಸಾಕು ನನಗೆ, ಅವನ ಲೈನ್ ಮೇಲೆ ನಂಬಿಕೆ ಬೇಕಾಗಿಲ್ಲ.

ಕೊನೆಗೆ, ಹಿಂದಿನ ಕ್ಯಾಮೆರಾದ ತುಣುಕು ಹಾಕುತ್ತಿದ್ದೇನೆ. ಗೊತ್ತಿಲ್ಲದ ಯಾರೋ ಒಬ್ಬರು ಹಿಂದಿನ ಚಕ್ರಕ್ಕೆ ಅಂಟಿಕೊಂಡೇ ಬರುತ್ತಿದ್ದಾರೆ ನೋಡಿ. ಹೀಗಾದಾಗ ಎರಡು ಆಸೆ ಹುಟ್ಟುತ್ತವೆ, ವೇಗ ಏರಿಸುವುದು ಅಥವಾ ಅವರಿಗೆ ಪಾಠ ಕಲಿಸಲು ಬ್ರೇಕ್ ತಟ್ಟುವುದು. ಎರಡೂ ಬೇಡ. ತಿರುವಿನ ನಡುವೆ ಏನನ್ನೂ ಬದಲಾಯಿಸಬೇಡಿ, ನಿಮ್ಮ ವೇಗದಲ್ಲೇ ಹೋಗಿ, ನೇರ ರಸ್ತೆ ಸಿಕ್ಕ ಕೂಡಲೇ ಇಂಡಿಕೇಟರ್ ಹಾಕಿ, ಮೆಲ್ಲಗೆ ಪಕ್ಕಕ್ಕೆ ಸರಿದು, ಹೋಗಿ ಅಂತ ಕೈ ತೋರಿಸಿ. ಇಲ್ಲಿ ನೋಡಿ, ಹೋದರು. ಎರಡು ತಿರುವು ಕಳೆಯುವಷ್ಟರಲ್ಲಿ ಕಾಣಿಸಲೂ ಇಲ್ಲ. ಈಗ ಮುಂದಿನ ಐದು ನಿಮಿಷ ಮಾತಿಲ್ಲ, ಖಾಲಿ ರಸ್ತೆ ಮತ್ತು ಎಂಜಿನ್ ಸದ್ದು ಅಷ್ಟೇ, ಬೇಜಾರಾದರೆ ಫಾರ್ವರ್ಡ್ ಮಾಡಿಕೊಳ್ಳಿ.