ಒಂದು ಕಡೆ 120 ವೋಲ್ಟ್, ಇನ್ನೊಂದು ಕಡೆ 230: ಯಾಕೆ ಹೀಗೆ?

ಜಪಾನಿನ ಟೋಕಿಯೊದಲ್ಲಿ ಕರೆಂಟು 50 ಹರ್ಟ್ಜ್, ಅಂದರೆ ಸೆಕೆಂಡಿಗೆ 50 ಸಲ ಹಿಂದೆ ಮುಂದೆ ಹರಿಯುತ್ತದೆ. ಅದೇ ದೇಶದ ಒಸಾಕಾದಲ್ಲಿ 60. ಸರ್ಕಾರ ಒಂದೇ, ವೋಲ್ಟೇಜೂ ಒಂದೇ, 100. ಈ ಹರ್ಟ್ಜ್ ಲೆಕ್ಕ, ಅಂದರೆ ಫ್ರೀಕ್ವೆನ್ಸಿ, ಮಾತ್ರ ಪೂರ್ವಕ್ಕೊಂದು, ಪಶ್ಚಿಮಕ್ಕೊಂದು. ಕಾರಣ ಕೇಳಿದರೆ ನಗು ಬರುತ್ತದೆ. 1890ರ ದಶಕದಲ್ಲಿ ಟೋಕಿಯೊದವರು ಜನರೇಟರ್ ತರಿಸಿದ್ದು ಜರ್ಮನಿಯ ಎಇಜಿ ಕಂಪನಿಯಿಂದ. ಒಸಾಕಾದವರು ತರಿಸಿದ್ದು ಅಮೆರಿಕದ ಜನರಲ್ ಎಲೆಕ್ಟ್ರಿಕ್‌ನಿಂದ. ಅಷ್ಟೇ!

ಇದರ ಬಿಸಿ ತಟ್ಟಿದ್ದು 2011ರ ಭೂಕಂಪದಲ್ಲಿ. ಪೂರ್ವದ ವಿದ್ಯುತ್ ಸ್ಥಾವರಗಳು ನಿಂತುಹೋದವು. ಪಶ್ಚಿಮದಿಂದ ತರಿಸೋಣ ಅಂದರೆ, 60 ಅನ್ನು 50 ಮಾಡಿ ಕಳಿಸುವ ಕೇಂದ್ರಗಳ ಸಾಮರ್ಥ್ಯ ಏನೇನೂ ಸಾಲಲಿಲ್ಲ. ಟೋಕಿಯೊ ಸುತ್ತಮುತ್ತ ಸರದಿ ಪ್ರಕಾರ ಪವರ್ ಕಟ್ ಮಾಡಬೇಕಾಯಿತು.

ಈಗ ವೋಲ್ಟೇಜ್ ಕಥೆ. 1882ರಲ್ಲಿ ಎಡಿಸನ್ ನ್ಯೂಯಾರ್ಕಿನ ಪರ್ಲ್ ಸ್ಟ್ರೀಟ್‌ನಿಂದ ಮನೆ, ಅಂಗಡಿಗಳಿಗೆ ಕರೆಂಟು ಕೊಟ್ಟಾಗ ಅದು ಡಿಸಿ (ಒಂದೇ ದಿಕ್ಕಿಗೆ ಹರಿಯುವ ಕರೆಂಟು), ಸುಮಾರು 110 ವೋಲ್ಟ್. ಆಗಿನ ಬಲ್ಬಿನ ಇಂಗಾಲದ ಫಿಲಮೆಂಟಿಗೆ ಹೊಂದುತ್ತಿದ್ದದ್ದು ಅಷ್ಟೇ. ಮುಂದೆ ಹಿಂದೆ ಮುಂದೆ ಹರಿಯುವ ಕರೆಂಟು, ಅಂದರೆ ಎಸಿ, ಗೆದ್ದಿತು, ಆದರೆ ಬಲ್ಬುಗಳು ಆಗಲೇ ಮನೆಮನೆಗೆ ಬಂದಾಗಿತ್ತಲ್ಲ, ವೋಲ್ಟೇಜ್ ಹಾಗೇ ಉಳಿಯಿತು.

ಬರ್ಲಿನ್‌ನವರು 1899ರಲ್ಲಿ ನೇರವಾಗಿ 220ಕ್ಕೆ ಹಾರಿದರು. ಲೆಕ್ಕ ಸುಲಭ. ವೋಲ್ಟೇಜ್ ದುಪ್ಪಟ್ಟಾದರೆ ಅಷ್ಟೇ ವ್ಯಾಟ್‌ಗೆ ಅರ್ಧ ಆಂಪಿಯರ್ ಸಾಕು. ಅದೇ ವೈರಿನಲ್ಲಿ ಬಿಸಿಯಾಗಿ ಪೋಲಾಗುವುದು ಕಾಲು ಭಾಗಕ್ಕೆ ಇಳಿಯುತ್ತದೆ. ತಾಮ್ರದಲ್ಲಿ ಉಳಿದ ದುಡ್ಡಿನಲ್ಲೇ ಗ್ರಾಹಕರ ಉಪಕರಣ ಬದಲಿಸುವ ಖರ್ಚು ಸರಿದೂಗಿತು. ಜಾಣ ವ್ಯಾಪಾರ, ಅಲ್ವಾ? ಅಮೆರಿಕಕ್ಕೂ 220 ಬೇಡ ಅಂತೇನಿರಲಿಲ್ಲ, ಆದರೆ ಅಲ್ಲಿ ಬದಲಿಸಬೇಕಾದ ಸಾಮಾನು ಜಾಸ್ತಿಯಾಗಿತ್ತು. ಈಗಲೂ ಅಲ್ಲಿನ ಮನೆಗೆ ಬರುವ ಲೈನಿನಲ್ಲಿ 240 ಇರುತ್ತದೆ. ಬಟ್ಟೆ ಒಣಗಿಸುವ ಮೆಷಿನ್, ದೊಡ್ಡ ಒಲೆಗೆ ಅದೇ ಬೇಕು. ಮಾಮೂಲಿ ಪ್ಲಗ್ಗಿಗೆ ಮಾತ್ರ ಅದರ ಅರ್ಧ, 120.

ಇನ್ನೊಂದು ತಮಾಷೆ. ಯುರೋಪಿನ ಹೆಚ್ಚಿನ ದೇಶಗಳಲ್ಲಿ 220 ಇತ್ತು, ಬ್ರಿಟನ್ನಿನಲ್ಲಿ 240. ಎಲ್ಲರಿಗೂ 230 ಎಂದು ತೀರ್ಮಾನವಾಯಿತು, ಏರಿಳಿತದ ಮಿತಿಯನ್ನು ಇಬ್ಬರಿಗೂ ಹೊಂದುವ ಹಾಗೆ ಇಟ್ಟರು. ಬದಲಾಗಿದ್ದು ಹೆಚ್ಚಾಗಿ ಕಾಗದದ ಮೇಲಿನ ಅಂಕಿ!

ಹಾಗಾದರೆ 50 ಮೇಲೋ, 60 ಮೇಲೋ? ನನ್ನ ಪ್ರಕಾರ ಇದು ಸುಮ್ನೆ ಜಗಳ. ತೀರಾ ಕಡಿಮೆಯಾದರೆ ಬಲ್ಬು ಮಿನುಗುವುದು ಕಣ್ಣಿಗೆ ಗೊತ್ತಾಗುತ್ತದೆ. 1895ರಲ್ಲಿ ಶುರುವಾದ ನಯಾಗರ ವಿದ್ಯುತ್ ಕೇಂದ್ರದ 25 ಹರ್ಟ್ಜ್‌ಗೆ ಇದೇ ತೊಂದರೆ. ತೀರಾ ಹೆಚ್ಚಾದರೆ ದೂರದ ಲೈನಿಗೂ ಮೋಟರಿಗೂ ಕಷ್ಟ. ನಡುವೆ ಎಲ್ಲಿ ನಿಂತರೂ ನಡೆಯುತ್ತಿತ್ತು. ಆದರೆ ಒಮ್ಮೆ ನಿಂತ ಮೇಲೆ ಬದಲಿಸುವುದು ಕಷ್ಟ. ಬ್ರೆಜಿಲ್ 60, ಪರಾಗ್ವೆ 50. ಇಬ್ಬರೂ ಸೇರಿ ಕಟ್ಟಿದ ಇಟೈಪು ಅಣೆಕಟ್ಟಿನ 20 ಜನರೇಟರ್‌ಗಳಲ್ಲಿ 10 ಅವರಿಗೆ, 10 ಇವರಿಗೆ!

ಈಗ ನೀವು ನೋಡುತ್ತಿರುವುದು ನನ್ನ ಫೋನ್ ಚಾರ್ಜರ್. ಅಕ್ಷರ ಎಷ್ಟು ಚಿಕ್ಕದು ನೋಡಿ, ಝೂಮ್ ಮಾಡಿದರೇನೇ ಓದಲು ಆಗುವುದು: 100ರಿಂದ 240 ವೋಲ್ಟ್, 50/60 ಹರ್ಟ್ಜ್. ಒಳಗೆ ಹೋದದ್ದನ್ನೆಲ್ಲ ಮೊದಲು ಡಿಸಿ ಮಾಡಿಕೊಳ್ಳುತ್ತದೆ, ಹಾಗಾಗಿ ಎಲ್ಲಿ ಚುಚ್ಚಿದರೂ ನಡೆಯುತ್ತದೆ. ಪಕ್ಕದಲ್ಲಿರುವ ಹೇರ್ ಡ್ರೈಯರ್ ಮೇಲೆ ಬರೀ 120 ಅಂತಿದೆ. ಇದನ್ನು 230ಕ್ಕೆ ಹಾಕಿದರೆ ಕಾಯಿಲ್ ಸುಮಾರು ಮೂರೂವರೆ ಪಟ್ಟು ಪವರ್ ಎಳೆದು ಸುಟ್ಟೇ ಹೋಗುತ್ತದೆ. ಅದಕ್ಕೇ ಇದನ್ನು ಬ್ಯಾಗಿನಿಂದ ತೆಗೆದಿಟ್ಟು ಹೊರಡುತ್ತಿದ್ದೇನೆ.