ಅಪ್ಪನ ಲೆಕ್ಕ, ಮಗಳ ಆಸೆ

ಎಲ್ಲರಿಗೂ ನಮಸ್ಕಾರ. ಪಿಯುಸಿ ರಿಸಲ್ಟ್ ಬಂದು ಸಿಇಟಿ ಕೌನ್ಸೆಲಿಂಗ್ ಶುರುವಾಗೋವರೆಗೂ ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ರಾತ್ರಿ ಊಟ ಆದಮೇಲೆ ಒಂದೇ ಮಾತು, ಮುಂದೆ ಯಾವ ಕಾಲೇಜು ಅಂತ. ಅಪ್ಪ ಫೀ ಎಷ್ಟು ಅಂತ ಕೇಳ್ತಾರೆ, ಅಮ್ಮ ಹಾಸ್ಟೆಲಲ್ಲಿ ಊಟ ಹೇಗಿರುತ್ತೋ ಏನೋ ಅಂತಾರೆ, ಪಕ್ಕದ ಮನೆಯವರು ಪ್ಲೇಸ್‌ಮೆಂಟ್ ನೋಡ್ರಿ ಅಂತಾರೆ, ಯಾರ ಬಗ್ಗೆ ಇಷ್ಟೆಲ್ಲಾ ಮಾತು ನಡೀತಿದೆಯೋ ಆ ಹುಡುಗಿ ಮಾತ್ರ ಬಾಯಿ ಬಿಡದೆ ಕೂತಿರ್ತಾಳೆ.

ನಾನು ಹಾವೇರಿ ಜಿಲ್ಲೆಯ ಒಂದು ಪಿಯು ಕಾಲೇಜಲ್ಲಿ ಪಾಠ ಮಾಡೋಳು, ಪ್ರತಿ ವರ್ಷ ಈ ಮಕ್ಕಳು ಬಂದು ನನ್ನತ್ರ ಕೂತ್ಕೊಂಡು ಹೇಳೋದು ಕೇಳ್ತೀನಿ, ಮೇಡಂ ಆ ಕಾಲೇಜಲ್ಲಿ ಲ್ಯಾಬ್ ಚೆನ್ನಾಗಿದೆಯಂತೆ, ಕಂಪನಿ ಜಾಸ್ತಿ ಬರ್ತಾವಂತೆ ಅಂತ ಶುರು ಮಾಡ್ತಾರೆ, ಸ್ವಲ್ಪ ಹೊತ್ತು ಮಾತಾಡಿಸಿದ್ರೆ ಆಮೇಲೆ ನಿಜ ಬರುತ್ತೆ, ಮೇಡಂ ನಂಗೆ ಒಂದ್ಸಲ ಬೇರೆ ಊರಲ್ಲಿ ಇರಬೇಕು, ಬೇರೆ ಥರದ ಜನರ ಜೊತೆ ಓದಬೇಕು, ಇಲ್ಲೇ ಇದ್ದುಬಿಟ್ರೆ ಏನೂ ನೋಡಿದಂಗಾಗಲ್ಲ ಅಂತ. ಇದನ್ನ ಅವರು ತಪ್ಪು ಮಾಡಿದವರ ಥರ ಮೆಲ್ಲಗೆ ಹೇಳ್ತಾರೆ, ಮನೇಲಿ ದುಡ್ಡಿನ ಕಷ್ಟ ಇರೋವಾಗ ಹೊಸ ಊರು ನೋಡೋ ಆಸೆ ಇಟ್ಕೊಳ್ಳೋದು ಸ್ವಾರ್ಥ ಅಂತ ಅವರಿಗೆ ಅನ್ಸಿಬಿಟ್ಟಿರುತ್ತೆ. ಇವತ್ತು ನಾನು ಹೇಳಬೇಕು ಅಂತಿರೋದು ಇದೇ. ಆ ಆಸೆ ಕೂಡ ಕಾಲೇಜ್ ಆರಿಸೋಕೆ ಒಂದು ಸರಿಯಾದ ಕಾರಣ. ಅದನ್ನ ಮನೆಯವರ ಮುಂದೆ ಬಾಯಿಬಿಟ್ಟು ಹೇಳಿ, ಫೀ ಹಾಸ್ಟೆಲ್ ಖರ್ಚಿನ ಜೊತೆಗೇ ಅದನ್ನೂ ಲೆಕ್ಕಕ್ಕೆ ತಗೋಳ್ಳಿ, ಆಗ ಲೆಕ್ಕಾನೂ ಸರಿಯಾಗುತ್ತೆ.

ಓದೋಕೆ ಅಂತ ಊರು ಬಿಡೋದು ನಮ್ಮಲ್ಲಿ ಹೊಸದೇನಲ್ಲ, ದುಡ್ಡಿದ್ದೋರು ಮಾತ್ರ ಮಾಡಿದ್ದೂ ಅಲ್ಲ. ಗೌರಿಬಿದನೂರು ತಾಲೂಕಿನ ಹೊಸೂರಿನ ಬಡ ಹುಡುಗ ಎಚ್. ನರಸಿಂಹಯ್ಯ 1930ರ ದಶಕದಲ್ಲಿ ಹೈಸ್ಕೂಲ್ ಓದೋಕೆ ಬೆಂಗಳೂರಿಗೆ ನಡ್ಕೊಂಡೇ ಹೋದವರು, ಬಸ್ಸಿಗೆ ದುಡ್ಡಿರಲಿಲ್ಲ, ಮುಂದೆ ಅವರೇ ನ್ಯಾಷನಲ್ ಕಾಲೇಜಿನ ಪ್ರಿನ್ಸಿಪಾಲ್ ಆದರು, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯೂ ಆದರು. ಅವರ ಕಾಲದಲ್ಲಿ ಎಷ್ಟೋ ಹುಡುಗರು ವಾರಾನ್ನ ಅಂತ ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ ಅಂತ ಉಂಡು ಓದಿದ್ರು. ಧಾರವಾಡದ ಮುರುಘಾಮಠದ ಪ್ರಸಾದ ನಿಲಯ, ತುಮಕೂರಿನ ಸಿದ್ಧಗಂಗಾ ಮಠ, ಇಲ್ಲೆಲ್ಲಾ ಉಂಡು ಮಲಗಿ ಓದಿದವರ ಮೊಮ್ಮಕ್ಕಳು ಇವತ್ತು ನಮ್ಮ ಕ್ಲಾಸಲ್ಲಿದ್ದಾರೆ. ಇದನ್ನ ಯಾಕೆ ಹೇಳ್ತಿದೀನಿ ಅಂದ್ರೆ, ಆಗಲೂ ತೊಂದರೆ ಇದ್ದದ್ದು ಕಾಲೇಜ್ ಫೀಗಿಂತ ಜಾಸ್ತಿ ಊಟಕ್ಕೆ, ಇರೋ ಜಾಗಕ್ಕೆ. ಈಗಲೂ ಬಹಳ ಮನೆಗಳಲ್ಲಿ ಅದೇ ತೊಂದರೆ, ಆದರೆ ನಾವು ಫೀ ಮೇಲೆ ಮಾತ್ರ ಕಣ್ಣಿಟ್ಟಿರ್ತೀವಿ.

ಒಂದು ಲೆಕ್ಕ ಹಾಕಿ ನೋಡೋಣ. ಸಿಇಟಿ ಮೂಲಕ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಲ್ಲಿ ಸೀಟು ಸಿಕ್ರೆ ವರ್ಷಕ್ಕೆ ಹತ್ರತ್ರ 40 ಸಾವಿರ ಚಿಲ್ಲರೆ ಫೀ. ಬೆಂಗಳೂರಿನ ಯುವಿಸಿಇ ಇದೆಯಲ್ಲ, ವಿಶ್ವೇಶ್ವರಯ್ಯನವರ ಮುತುವರ್ಜಿಯಿಂದ 1917ರಲ್ಲಿ ಶುರುವಾದ ಕಾಲೇಜು, ಅಂಥಾ ಕಡೆ ಸೀಟು ಸಿಕ್ರೆ ಯಾರಿಗೆ ಬೇಡ. ಆದ್ರೆ ಬೆಂಗಳೂರಲ್ಲಿ ಪಿಜಿಯಲ್ಲಿ ಇರ್ತೀನಿ ಅಂದ್ರೆ ತಿಂಗಳಿಗೆ 8 ಸಾವಿರ ಅಂತ ಇಟ್ಕೊಳ್ಳಿ, ವರ್ಷಕ್ಕೆ ಹತ್ತು ತಿಂಗಳು ಇದ್ರೂ 80 ಸಾವಿರ ಆಯ್ತು, ಅಂದ್ರೆ ಹತ್ರತ್ರ ಫೀಯ ಎರಡು ಪಟ್ಟು. ಅದರ ಮೇಲೆ ಓಡಾಟ, ಫೋನು, ಬಟ್ಟೆ, ಹುಷಾರಿಲ್ಲ ಅಂದ್ರೆ ಡಾಕ್ಟ್ರು. ಅದೇ ಹುಡುಗಿಗೆ ಹಿಂದುಳಿದ ವರ್ಗಗಳ ಇಲಾಖೆ ಹಾಸ್ಟೆಲೋ ಸಮಾಜ ಕಲ್ಯಾಣ ಇಲಾಖೆ ಹಾಸ್ಟೆಲೋ ಸಿಕ್ಕಿದ್ರೆ ಊಟ ವಸತಿ ಎರಡೂ ಫ್ರೀ, ಆ 80 ಸಾವಿರ ಪೂರ್ತಿ ಉಳೀತು. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ಮಕ್ಕಳಿಗೆ ವಿದ್ಯಾಸಿರಿ ಅಂತ ತಿಂಗಳಿಗೆ ಸ್ವಲ್ಪ ದುಡ್ಡು, ಹತ್ತು ತಿಂಗಳು ಕೊಡೋ ಯೋಜನೆ ಇದೆ, ಬೆಂಗಳೂರು ಪಿಜಿಗೆ ಇದು ಏನೇನೂ ಸಾಲಲ್ಲ, ಆದರೆ ಹಾಸನದಲ್ಲೋ ದಾವಣಗೆರೆಯಲ್ಲೋ ನಾಲ್ಕು ಜನ ಸೇರಿ ರೂಮ್ ಮಾಡಿ ಅನ್ನ ಸಾರು ಮಾಡ್ಕೊಂಡು ಇರೋರಿಗೆ ರೂಮ್ ಬಾಡಿಗೆಯ ಪಾಲು ಅದರಲ್ಲೇ ಕಳೆಯುತ್ತೆ. ಅದಕ್ಕೇ ನಾನು ಹೇಳೋದು, ಕಾಲೇಜಿನ ಹೆಸರು ಬರೆದು ಪಕ್ಕದಲ್ಲಿ ಫೀ ಬರೆಯೋ ಬದಲು, ಊರಿನ ಹೆಸರು ಬರೆದು ಪಕ್ಕದಲ್ಲಿ ಅಲ್ಲಿ ಒಂದು ತಿಂಗಳು ಬದುಕೋಕೆ ಎಷ್ಟಾಗುತ್ತೆ ಅಂತ ಮೊದಲು ಬರೀರಿ.

ಖಾಸಗಿ ಕಾಲೇಜಾದ್ರೆ ಇನ್ನೊಂದು ಎಚ್ಚರ ಬೇಕು. ಸಿಇಟಿ ಸೀಟಿನ ಫೀ ಲಕ್ಷದ ಆಸುಪಾಸು ಅಂತ ಗೊತ್ತಿರುತ್ತೆ, ಸೇರೋಕೆ ಹೋದ ದಿನ ಕೌಂಟರ್ ಮುಂದೆ ನಿಂತಾಗ ಸ್ಕಿಲ್ ಫೀ, ಯೂನಿಫಾರ್ಮ್, ಕಾಲೇಜ್ ಬಸ್ಸು, ಡೆಪಾಸಿಟ್ಟು, ಅದು ಇದು ಅಂತ ಬೇರೆ ಚೀಟಿ ಕೊಡ್ತಾರೆ, ಆಗ ಅಪ್ಪಂದಿರ ಮುಖ ನೋಡೋಕಾಗಲ್ಲ. ಇದನ್ನ ಅಡ್ಮಿಷನ್ ಆಫೀಸಲ್ಲಿ ಕೇಳಿದ್ರೆ ಪೂರ್ತಿ ಉತ್ತರ ಸಿಗೋದು ಕಡಿಮೆ, ಅಲ್ಲೇ ಎರಡನೇ ವರ್ಷ ಓದ್ತಿರೋ ನಿಮ್ಮೂರ ಕಡೆಯ ಹುಡುಗರನ್ನ ಹಿಡ್ಕೊಂಡು ಕೇಳಿ, ಹೋದ ವರ್ಷ ಒಟ್ಟು ಎಷ್ಟು ಕಟ್ಟಿದ್ರಿ, ಯಾವ್ಯಾವುದಕ್ಕೆ ರಸೀದಿ ಕೊಟ್ರು ಅಂತ. ಒಂದು ದಿನ ರಜೆ ಹಾಕಿ ಮಗು ಜೊತೆ ಆ ಊರಿಗೆ ಹೋಗಿ ಬನ್ನಿ, ಆಗೋದಾದ್ರೆ ಮಧ್ಯಾಹ್ನದ ಊಟ ಹಾಸ್ಟೆಲ್ ಮೆಸ್ಸಲ್ಲೇ ಮಾಡಿ.

ಇನ್ನು ಕಡಿಮೆ ಖರ್ಚಿನ ದಾರಿಗಳು. ಕುಟುಂಬದ ವರಮಾನ ವರ್ಷಕ್ಕೆ 8 ಲಕ್ಷದೊಳಗಿದ್ರೆ ಸಿಇಟಿಯಲ್ಲಿ ಎಸ್‌ಎನ್‌ಕ್ಯೂ ಅಂತ ಒಂದು ಕೋಟಾ ಇದೆ, ಮಾಮೂಲಿ ಸೀಟುಗಳ ಮೇಲೆ ಹೆಚ್ಚುವರಿ 5 ಪರ್ಸೆಂಟ್, ಇದರಲ್ಲಿ ಸಿಕ್ಕಿದ್ರೆ ಟ್ಯೂಷನ್ ಫೀ ಮಾಫ್, ಒಳ್ಳೆ ಖಾಸಗಿ ಕಾಲೇಜಲ್ಲೂ. ರ್‍ಯಾಂಕ್ ಚೆನ್ನಾಗಿರಬೇಕು ನಿಜ, ಆದ್ರೆ ಅರ್ಹತೆ ಇದ್ದೂ ಇದಕ್ಕೆ ಅರ್ಜಿಯಲ್ಲಿ ಟಿಕ್ ಮಾಡದೆ ಬಿಟ್ಟವರನ್ನ ನೋಡಿ ನಂಗೆ ಹೊಟ್ಟೆ ಉರಿದಿದೆ. ಗ್ರಾಮೀಣ, ಕನ್ನಡ ಮಾಧ್ಯಮ ಮೀಸಲಾತಿನೂ ಹಾಗೇ, ಕಲ್ಯಾಣ ಕರ್ನಾಟಕದ ಮಕ್ಕಳಿಗಂತೂ ಸಂವಿಧಾನದ 371ಜೆ ವಿಧಿಯ ಮೀಸಲಾತಿ ಇದೆ, ತಮ್ಮ ಭಾಗದಲ್ಲಿ 70 ಪರ್ಸೆಂಟ್ ಮಾತ್ರ ಅಲ್ಲ, ರಾಜ್ಯದ ಉಳಿದ ಕಡೆಯ ಕಾಲೇಜುಗಳಲ್ಲೂ 8 ಪರ್ಸೆಂಟ್ ಸೀಟು ಅವರಿಗೆ ಅಂತಲೇ ಇರುತ್ತೆ, ಅಂದ್ರೆ ರಾಯಚೂರಿನ ಹುಡುಗ ಮೈಸೂರಿಗೆ ಬಂದು ಓದೋಕೆ ಕಾನೂನೇ ದಾರಿ ಮಾಡಿಕೊಟ್ಟಿದೆ. ಸ್ಕಾಲರ್‌ಶಿಪ್‌ಗೆ ಅರ್ಜಿ ಹಾಕೋಕೆ ರಾಜ್ಯ ಸರ್ಕಾರದ ಎಸ್‌ಎಸ್‌ಪಿ ಪೋರ್ಟಲ್ ಇದೆ. ಆದರೆ ಇದೆಲ್ಲಾ ನಿಂತಿರೋದು ಕಾಗದದ ಮೇಲೆ, ನಾಡಕಚೇರಿಯ ಜಾತಿ ಆದಾಯ ಪ್ರಮಾಣಪತ್ರ, ಮಾರ್ಕ್ಸ್‌ಕಾರ್ಡಲ್ಲಿರೋ ಹೆಸರೇ ಆಧಾರಲ್ಲೂ ಇರೋದು, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿರೋದು. ಹೆಸರಲ್ಲಿ ಒಂದಕ್ಷರ ಆಕಡೆ ಈಕಡೆ ಆಗಿ ವರ್ಷಗಟ್ಟಲೆ ಸ್ಕಾಲರ್‌ಶಿಪ್ ಬರದೆ ಇರೋ ಮಕ್ಕಳಿದ್ದಾರೆ. ರಿಸಲ್ಟ್‌ಗೆ ಕಾಯೋ ಈ ರಜೆಯಲ್ಲೇ ಅದನ್ನ ಸರಿ ಮಾಡಿಸಿಕೊಳ್ಳಿ.

ಸಾಲದ ವಿಷಯ ಬೇಗ ಹೇಳಿಬಿಡ್ತೀನಿ. ಶಿಕ್ಷಣ ಸಾಲ ಅಂದ್ರೆ ಹೆದರಿ ಓಡಬೇಕಿಲ್ಲ, ಮಾಮೂಲಿಯಾಗಿ ಏಳೂವರೆ ಲಕ್ಷದವರೆಗೆ ಹೊಲ ಮನೆ ಅಡ ಕೇಳಲ್ಲ, ಕೋರ್ಸ್ ಮುಗಿದು ಒಂದು ವರ್ಷದವರೆಗೆ ಕಂತು ಶುರುವಾಗಲ್ಲ, ಆದರೆ ಬಡ್ಡಿ ಮಾತ್ರ ಮೊದಲ ದಿನದಿಂದಲೇ ಬೆಳೀತಾ ಇರುತ್ತೆ ಅನ್ನೋದು ನೆನಪಿರಲಿ. 2024ರ ನವೆಂಬರಲ್ಲಿ ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟ ಪಿಎಂ ವಿದ್ಯಾಲಕ್ಷ್ಮಿಯಲ್ಲಿ ಬಡ್ಡಿ ರಿಯಾಯಿತಿ ಇದೆ, ಆದ್ರೆ ಪಟ್ಟಿಯಲ್ಲಿರೋ ಸಂಸ್ಥೆಗಳಿಗೆ ಮಾತ್ರ, ನಿಮ್ಮ ಕಾಲೇಜು ಅದರಲ್ಲಿದೆಯಾ ಅಂತ ಮೊದಲೇ ನೋಡ್ಕೊಳ್ಳಿ. ಬೆಂಗಳೂರಲ್ಲಿ ಇರಬೇಕು ಅನ್ನೋ ಒಂದೇ ಕಾರಣಕ್ಕೆ ಮ್ಯಾನೇಜ್‌ಮೆಂಟ್ ಸೀಟಿಗೆ ಹತ್ತು ಹದಿನೈದು ಲಕ್ಷ ಸಾಲ ಮಾಡೋದನ್ನ ಮಾತ್ರ ನಾನು ಯಾವ ಮಗುವಿಗೂ ಹೇಳಲ್ಲ, ಹೊಸ ಅನುಭವಕ್ಕೆ ಅಂತ ಹೋಗಿ ಹತ್ತು ವರ್ಷ ಕಂತಿಗೆ ಕಟ್ಟಿಬಿದ್ರೆ ಬಿಟ್ಟುಬಂದ ಊರಿಗಿಂತ ಬಿಗಿಯಾದ ಕಟ್ಟು ಅದು.

ಮತ್ತೆ, ಹೊಸ ಅನುಭವ ಅಂದ್ರೆ ಬೆಂಗಳೂರು ಅಂತ ಯಾರು ಹೇಳಿದ್ರು. ಕಲಬುರಗಿಯ ಹುಡುಗಿ ಮಂಗಳೂರಿಗೆ ಹೋದ್ರೆ ಮಳೆ ಬೇರೆ, ಅನ್ನ ಬೇರೆ, ಬಸ್ಸಲ್ಲಿ ಕೇಳೋ ತುಳು ಬೇರೆ, ಸಮುದ್ರ ಅಂತೂ ಸರಿ. ಮೈಸೂರಲ್ಲಿ ರೀಜನಲ್ ಇನ್‌ಸ್ಟಿಟ್ಯೂಟ್ ಆಫ್ ಎಜುಕೇಷನ್ ಅಂತ ಎನ್‌ಸಿಇಆರ್‌ಟಿಯ ಸಂಸ್ಥೆ ಇದೆ, ಟೀಚರ್ ಆಗಬೇಕು ಅನ್ನೋರಿಗೆ ಡಿಗ್ರಿ ಬಿ.ಎಡ್. ಎರಡೂ ಸೇರಿದ ನಾಲ್ಕು ವರ್ಷದ ಕೋರ್ಸು, ಕಡಿಮೆ ಫೀ, ಕೇರಳ ತಮಿಳುನಾಡು ಆಂಧ್ರ ತೆಲಂಗಾಣದ ಮಕ್ಕಳೆಲ್ಲಾ ಅಲ್ಲೇ ಒಟ್ಟಿಗೆ ಇರ್ತಾರೆ, ನಮ್ಮ ರಾಜ್ಯ ಬಿಡದೇನೇ ನಾಲ್ಕು ಭಾಷೆ ಕಿವಿಗೆ ಬೀಳುತ್ತೆ. ಕಲಬುರಗಿಯ ಆಳಂದ ರಸ್ತೆಯ ಕಡಗಂಚಿಯಲ್ಲಿರೋ, 2009ರಲ್ಲಿ ಶುರುವಾದ ನಮ್ಮ ಕೇಂದ್ರೀಯ ವಿಶ್ವವಿದ್ಯಾಲಯಕ್ಕೆ ದೂರದೂರದ ರಾಜ್ಯಗಳಿಂದ ಮಕ್ಕಳು ಬಂದು ಓದ್ತಾರೆ, ಪಕ್ಕದ ತಾಲೂಕಿನ ಮಕ್ಕಳಿಗೇ ಅದರ ಬಗ್ಗೆ ಸರಿಯಾಗಿ ಗೊತ್ತಿರಲ್ಲ. 2022ರಿಂದ ಸಿಯುಇಟಿ ಅನ್ನೋ ಒಂದು ಪರೀಕ್ಷೆ ಬರೆದ್ರೆ ದೆಹಲಿ, ಕಾಶಿಯ ಬಿಎಚ್‌ಯು, ಹೀಗೆ ದೇಶದ ಕೇಂದ್ರೀಯ ವಿಶ್ವವಿದ್ಯಾಲಯಗಳಿಗೆ ಅರ್ಜಿ ಹಾಕಬಹುದು, ಕನ್ನಡದಲ್ಲೇ ಬರೆಯೋ ಅವಕಾಶನೂ ಇದೆ, ಅಲ್ಲಿನ ಮಾಮೂಲಿ ಬಿಎ ಬಿಎಸ್ಸಿ ಫೀ ಕೇಳಿದ್ರೆ ನಮ್ಮ ಎಷ್ಟೋ ಪ್ರೈವೇಟ್ ಪಿಯು ಕಾಲೇಜಿಗಿಂತ ಕಡಿಮೆ ಅನ್ನೋದು ಗೊತ್ತಾಗುತ್ತೆ. ಬೆಂಗಳೂರಿಗೇ ಹೋಗಬೇಕು ಅಂದ್ರೂ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದಂಥ ಕಡೆ ಮನೆಯ ವರಮಾನ ನೋಡಿ ಫೀ ಮಾತ್ರ ಅಲ್ಲ, ಹಾಸ್ಟೆಲ್ ಖರ್ಚಿಗೂ ನೆರವು ಕೊಡ್ತಾರೆ. ಎಂಜಿನಿಯರಿಂಗ್ ಮೆಡಿಕಲ್ ಎರಡೇ ಕಣ್ಣಿಗೆ ಕಾಣ್ತಾ ಇದ್ರೆ ಈ ಬಾಗಿಲುಗಳು ಯಾವುದೂ ಕಾಣಲ್ಲ.

ಈಗ ಹೆಣ್ಣುಮಕ್ಕಳ ಅಪ್ಪಂದಿರಿಗೆ ಒಂದು ಮಾತು, ಬೇಜಾರು ಮಾಡ್ಕೋಬೇಡಿ. ಮಗನನ್ನ ಬೆಳಗಾವಿಗೋ ಬೆಂಗಳೂರಿಗೋ ಕಳಿಸ್ತೀರಿ, ಮಗಳಿಗೆ ಊರಲ್ಲೇ ಡಿಗ್ರಿ ಆಗ್ಲಿ, ಅಷ್ಟು ಖರ್ಚು ಎಲ್ಲಿಂದ ತರೋದು ಅಂತೀರಿ. ಸ್ವಲ್ಪ ಲೆಕ್ಕ ಹಾಕಿ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಅವಳು ಹಾವೇರಿಯಿಂದ ಬೆಂಗಳೂರಿಗೆ ಹೋಗಿ ಬರೋಕೆ ಸರ್ಕಾರಿ ಎಕ್ಸ್‌ಪ್ರೆಸ್ ಬಸ್ಸಲ್ಲಿ ಒಂದು ರೂಪಾಯಿ ಕೊಡಬೇಕಿಲ್ಲ, ಹಬ್ಬಕ್ಕೆ ಬಂದ್ರೂ ಅಷ್ಟೇ, ಮನೆ ನೆನಪಾಗಿ ಸುಮ್ನೆ ಬಂದ್ರೂ ಅಷ್ಟೇ. ಸರ್ಕಾರಿ ಶಾಲೆ ಕಾಲೇಜಲ್ಲಿ ಎಸ್ಸೆಸ್ಸೆಲ್ಸಿ ಪಿಯುಸಿ ಮುಗಿಸಿದ ಹುಡುಗಿಯರಿಗೆ ಅಜೀಂ ಪ್ರೇಮ್‌ಜಿ ಸ್ಕಾಲರ್‌ಶಿಪ್ ಅಂತ ವರ್ಷಕ್ಕೆ 30 ಸಾವಿರ ಇದೆ. ಹೆಣ್ಣುಮಕ್ಕಳ ಸರ್ಕಾರಿ ಹಾಸ್ಟೆಲ್‌ಗಳೂ ಇವೆ. ಎಷ್ಟೋ ಮನೆಗಳಲ್ಲಿ ಮಗನಿಗಿಂತ ಮಗಳನ್ನ ಹೊರಗೆ ಕಳಿಸಿ ಓದಿಸೋದೇ ಕಡಿಮೆ ಖರ್ಚು. ಹಾಗಿದ್ದೂ ಖರ್ಚು ಅಂತೀರಿ ಅಂದ್ರೆ ನೀವು ಎಣಿಸ್ತಿರೋದು ದುಡ್ಡಲ್ಲ, ಭಯ. ಭಯ ಇರೋದು ಸಹಜ, ನಂಗೂ ಮಗಳಿದ್ದಾಳೆ, ಆದರೆ ಭಯನ ಭಯ ಅಂತಲೇ ಅವಳ ಮುಂದೆ ಹೇಳಿ, ಆಗ ಹಾಸ್ಟೆಲ್ ವಾರ್ಡನ್ ಯಾರು, ರಾತ್ರಿ ಎಷ್ಟು ಗಂಟೆಗೆ ಗೇಟ್ ಹಾಕ್ತಾರೆ, ಬಸ್‌ಸ್ಟ್ಯಾಂಡಿಂದ ಎಷ್ಟು ದೂರ ಅಂತ ಇಬ್ರೂ ಕೂತು ವಿಚಾರಿಸಬಹುದು, ದುಡ್ಡಿಲ್ಲ ಅಂದುಬಿಟ್ರೆ ಅವಳು ತಲೆ ತಗ್ಗಿಸಿ ಸುಮ್ಮನಾಗ್ತಾಳೆ, ಅಲ್ಲಿಗೆ ಮಾತೇ ಮುಗೀತು.

ಎಲ್ರಿಗೂ ಹೊರಗೆ ಹೋಗೋಕಾಗಲ್ಲ ಅನ್ನೋದೂ ನಂಗೆ ಗೊತ್ತು. ಮನೇಲಿ ಹುಷಾರಿಲ್ಲದ ಅಜ್ಜಿ ಇರ್ತಾರೆ, ಅಪ್ಪನ ಅಂಗಡಿ ಸಂಜೆ ನೋಡ್ಕೋಬೇಕಿರುತ್ತೆ. ಹಾವೇರಿಯವರಿಗೆ ದೇವಗಿರಿಯಲ್ಲೇ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿದೆ, ರಾಣೆಬೆನ್ನೂರಿನವರು ದಿನಾ ದಾವಣಗೆರೆಗೆ ಹೋಗಿಬಂದು ಯುಬಿಡಿಟಿಯಲ್ಲಿ ಓದಬಹುದು, 1951ರ ಹಳೇ ಕಾಲೇಜು ಅದು. ದಿನಾ ಬಸ್ಸಲ್ಲಿ ಓಡಾಡಿದ್ರೆ ಲೈಬ್ರರಿ, ಆಟ, ಸಂಜೆ ಗೆಳೆಯರ ಹರಟೆ ಎಲ್ಲಾ ಕೈತಪ್ಪುತ್ತೆ, ಅದು ನಿಜವಾದ ನಷ್ಟವೇ, ಇಲ್ಲ ಅನ್ನಲ್ಲ. ಅಂಥವರು ಎನ್‌ಸಿಸಿ, ಎನ್‌ಎಸ್‌ಎಸ್ ಕ್ಯಾಂಪು, ಯುವಜನೋತ್ಸವ, ಏನು ಸಿಕ್ಕಿದ್ರೂ ಬಿಡದೆ ಹೋಗಿ. ಇನ್ನೊಂದು ದಾರಿ ನಂಗೆ ಬಹಳ ಇಷ್ಟ, ಮೂರು ವರ್ಷ ಮನೆಯಿಂದಲೇ ಸರ್ಕಾರಿ ಡಿಗ್ರಿ ಕಾಲೇಜಲ್ಲಿ ಕಡಿಮೆ ಖರ್ಚಲ್ಲಿ ಚೆನ್ನಾಗಿ ಓದಿ, ಉಳಿದ ದುಡ್ಡಿಟ್ಕೊಂಡು ಎಂಎಗೋ ಎಂಎಸ್ಸಿಗೋ ದೂರ ಹೋಗೋದು, ಆಗ ವಯಸ್ಸೂ ಸ್ವಲ್ಪ ಆಗಿರುತ್ತೆ, ಏನು ಬೇಕು ಅಂತಲೂ ಗೊತ್ತಿರುತ್ತೆ. ಆದ್ರೆ ಅದನ್ನ ಈಗಲೇ ಮನೇಲಿ ಮಾತಾಡಿ ಒಪ್ಪಿಸಿಟ್ಕೊಳ್ಳಿ, ಇಲ್ಲಾಂದ್ರೆ ಮೂರು ವರ್ಷ ಆದಮೇಲೆ ಮದುವೆ ಮಾತು ಬಂದಿರುತ್ತೆ.

ಕಡೆಯದಾಗಿ ಸಿಇಟಿ ಆಪ್ಷನ್ ಎಂಟ್ರಿ, ಅಂದ್ರೆ ಬೇಕಾದ ಕಾಲೇಜುಗಳನ್ನ ಒಂದರ ಕೆಳಗೆ ಒಂದು ಪಟ್ಟಿ ಮಾಡಿ ಹಾಕೋದು. ಬಹಳ ಮಕ್ಕಳು ನಂಗೆ ಇದು ಸಿಗಲ್ಲ ಅಂತ ತಾವೇ ತೀರ್ಮಾನ ಮಾಡಿ, ಸಿಕ್ಕೇ ಸಿಗುತ್ತೆ ಅನ್ನೋ ಕಾಲೇಜನ್ನ ಮೇಲೆ ಹಾಕಿಬಿಡ್ತಾರೆ. ಹಾಗೆ ಮಾಡಬೇಡಿ. ಪರೀಕ್ಷಾ ಪ್ರಾಧಿಕಾರದವರು ನಿಮ್ಮ ರ್‍ಯಾಂಕ್ ಬಂದಾಗ ಪಟ್ಟಿಯನ್ನ ಮೇಲಿಂದ ನೋಡ್ತಾ ಬರ್ತಾರೆ, ಮೊದಲನೇದು ಖಾಲಿ ಇಲ್ಲ ಅಂದ್ರೆ ಎರಡನೇದು, ಅದೂ ಇಲ್ಲ ಅಂದ್ರೆ ಮೂರನೇದು, ಹಾಗಾಗಿ ಆಸೆಯ ಕಾಲೇಜನ್ನ ಮೇಲೆ ಹಾಕಿದ್ರಿಂದ ಕೆಳಗಿನದು ಕೈತಪ್ಪಲ್ಲ. ಆದ್ರೆ ಸಿಕ್ಕೇ ಸಿಗೋ ಕಾಲೇಜನ್ನ ಮೇಲೆ ಹಾಕಿಬಿಟ್ರೆ ಅದೇ ಸಿಗುತ್ತೆ, ಕೆಳಗಿರೋ ಆಸೆಯ ಕಾಲೇಜು ಅಲ್ಲಿಗೇ ರದ್ದು. ಅದಕ್ಕೆ ಮೊದಲು ಅಪ್ಪ ಅಮ್ಮನ ಜೊತೆ ಕೂತು, ಯಾವ ಊರಿನ ಖರ್ಚು ನಮ್ಮ ಕೈಲಿ ಆಗೋದೇ ಇಲ್ಲವೋ ಆ ಊರಿನ ಕಾಲೇಜುಗಳನ್ನ ಪಟ್ಟಿಯಿಂದಲೇ ತೆಗೆದುಬಿಡಿ. ಉಳಿದವುಗಳಲ್ಲಿ ಯಾವುದು ಮೇಲೆ ಯಾವುದು ಕೆಳಗೆ ಅನ್ನೋದನ್ನ ಮಾತ್ರ ಓದೋ ಮಗುವೇ ತೀರ್ಮಾನ ಮಾಡ್ಲಿ. ಮಾಕ್ ಅಲಾಟ್‌ಮೆಂಟ್, ಅಂದ್ರೆ ಯಾವ ಸೀಟು ಸಿಗಬಹುದು ಅಂತ ಮೊದಲೇ ತೋರಿಸೋ ಪಟ್ಟಿ, ಬಂದಮೇಲೆ ನಿಮ್ಮ ಪಟ್ಟಿ ತಿದ್ದೋಕೆ ಟೈಮ್ ಕೊಡ್ತಾರೆ, ಆಗ ಇನ್ನೊಂದ್ಸಲ ಎಲ್ಲರೂ ಕೂತು ನೋಡಿ. ನಮಸ್ಕಾರ.