ಹಳೆಯ ಎಕ್ಸ್‌ಪಿ ಕಂಪ್ಯೂಟರಿನಲ್ಲಿ ಹೊಸ ಮೆಮೊರಿ ಕಾರ್ಡ್: ಆ ಸಂದೇಶಕ್ಕೆ "ಯೆಸ್" ಒತ್ತುವ ಮುನ್ನ

[ದೃಶ್ಯ: ದಾವಣಗೆರೆಯ ಮಂಡಿಪೇಟೆಯ ಬಳಿ ಒಂದು ಫೋಟೊ ಸ್ಟುಡಿಯೊ. ಹಳೆಯ ಕಂಪ್ಯೂಟರ್, ಪಕ್ಕದಲ್ಲಿ ಫೋಟೊ ಪ್ರಿಂಟರ್.]

ನಮಸ್ಕಾರ. ಈ ಸ್ಟುಡಿಯೊದಲ್ಲಿ ಇಂದಿಗೂ ವಿಂಡೋಸ್ ಎಕ್ಸ್‌ಪಿ ಬಳಕೆಯಲ್ಲಿದೆ. ಪಕ್ಕದಲ್ಲಿರುವ ಪ್ರಿಂಟರಿಗೆ ಹೊಸ ವಿಂಡೋಸ್‌ಗೆ ಹೊಂದುವ ಡ್ರೈವರ್ (ಪ್ರಿಂಟರನ್ನು ನಡೆಸುವ ತಂತ್ರಾಂಶ) ಸಿಗುವುದಿಲ್ಲ, ಆದರೆ ಪ್ರಿಂಟರ್ ಇನ್ನೂ ಚೆನ್ನಾಗಿ ಕೆಲಸ ಮಾಡುತ್ತಿದೆ. ಅದಕ್ಕಾಗಿ ಹಳೆಯ ಯಂತ್ರವನ್ನು ಉಳಿಸಿಕೊಂಡಿರುವುದು ಸರಿಯಾದ ನಿರ್ಧಾರವೇ. ತೊಂದರೆ ಬರುವುದು ಹೊಸ ಕ್ಯಾಮೆರಾದ 64 ಜಿಬಿ ಕಾರ್ಡನ್ನು ಇದಕ್ಕೆ ಹಾಕಿದಾಗ.

[ತೆರೆಯ ಮೇಲೆ: ಎಕ್ಸ್‌ಪಿ ತೋರಿಸುವ ಸಂದೇಶ]

ಡಿಸ್ಕ್ ಫಾರ್ಮ್ಯಾಟ್ ಆಗಿಲ್ಲ, ಈಗ ಮಾಡಬೇಕೆ (ಅಂದರೆ ಇರುವುದನ್ನು ಅಳಿಸಿ ಹೊಸದಾಗಿ ಸಿದ್ಧಪಡಿಸಬೇಕೆ) ಎಂದು ಎಕ್ಸ್‌ಪಿ ಕೇಳುತ್ತದೆ. ಕಳೆದ ತಿಂಗಳು ಇಲ್ಲಿ ಕೆಲಸಕ್ಕಿರುವ ಹುಡುಗ ನನಗೆ ಫೋನ್ ಮಾಡಿ, "ಕಾರ್ಡಲ್ಲಿ ಏನೂ ಇಲ್ಲ ಅಂತ ಬರ್ತಿದೆ ಸರ್, ಯೆಸ್ ಒತ್ತಲಾ?" ಎಂದು ಕೇಳಿದ. ಆ ಕಾರ್ಡಿನಲ್ಲಿ ಒಂದು ಮದುವೆಯ ಅಷ್ಟೂ ಫೋಟೊಗಳಿದ್ದವು. ಕೇಳಿದ್ದು ಒಳ್ಳೆಯದಾಯಿತು. ಅಲ್ಲಿ ಒತ್ತಬೇಕಾದದ್ದು "ನೋ".

ಕಾರ್ಡಿನಲ್ಲಿ ಫೋಟೊಗಳು ಇರುವಾಗಲೂ ಎಕ್ಸ್‌ಪಿ ಹೀಗೆ ಹೇಳುವುದೇಕೆ? ಯಾವ ಫೈಲ್ ಎಲ್ಲಿದೆ ಎಂಬ ಲೆಕ್ಕವನ್ನು ಬರೆದಿಡುವ ಪದ್ಧತಿಯೇ ಫೈಲ್ ಸಿಸ್ಟಮ್. 2001ರಲ್ಲಿ ಬಂದ ಎಕ್ಸ್‌ಪಿಗೆ ಫ್ಯಾಟ್ 32 ಮತ್ತು ಎನ್‌ಟಿಎಫ್‌ಎಸ್ ಪದ್ಧತಿಗಳು ಗೊತ್ತು. 32 ಜಿಬಿಗಿಂತ ದೊಡ್ಡ ಎಸ್‌ಡಿ ಕಾರ್ಡ್‌ಗಳು ಬಳಸುವುದು 2006ರಲ್ಲಿ ಮೈಕ್ರೋಸಾಫ್ಟ್ ಹೊರತಂದ ಎಕ್ಸ್‌ಫ್ಯಾಟ್ ಪದ್ಧತಿಯನ್ನು.

[ತೆರೆಯ ಮೇಲೆ: ಕಾರ್ಡಿನ ಎಕ್ಸ್‌ಫ್ಯಾಟ್ ವಿಭಾಗದ ಮೊದಲ ಸೆಕ್ಟರ್, ಹೆಕ್ಸ್ ನೋಟದಲ್ಲಿ]

ಇದನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಇದು ಎಕ್ಸ್‌ಫ್ಯಾಟ್ ವಿಭಾಗದ ಮೊದಲ ಸೆಕ್ಟರ್, ಅಂದರೆ ಆರಂಭದ ಪುಟ್ಟ ತುಂಡು. ಆರಂಭದಲ್ಲಿ ಎಕ್ಸ್‌ಫ್ಯಾಟ್ ಎಂಬ ಹೆಸರು ಕಾಣುತ್ತದೆ. ಅದರ ನಂತರ, 11ರಿಂದ 63ರವರೆಗಿನ 53 ಬೈಟ್‌ಗಳು ಪೂರ್ತಿ ಸೊನ್ನೆ. ಹಳೆಯ ಫ್ಯಾಟ್ ಪದ್ಧತಿಯಲ್ಲಿ ಡಿಸ್ಕಿನ ಅಳತೆ ಮತ್ತು ವಿನ್ಯಾಸದ ವಿವರಗಳಿರುತ್ತಿದ್ದ ಜಾಗವಿದು. ಹಳೆಯ ಯಂತ್ರವು ಇದನ್ನು ಫ್ಯಾಟ್ ಎಂದು ತಪ್ಪಾಗಿ ತಿಳಿದು, ಅರ್ಥವಾಗದ ಲೆಕ್ಕದ ಮೇಲೆ ಏನಾದರೂ ಬರೆದುಬಿಡಬಾರದೆಂದು ಈ ಜಾಗವನ್ನು ಬೇಕೆಂದೇ ಸೊನ್ನೆಯಾಗಿ ಇಡಲಾಗಿದೆ. ಈ ಮುನ್ನೆಚ್ಚರಿಕೆಯನ್ನು ನಾನು ಬಹಳ ಮೆಚ್ಚುತ್ತೇನೆ. ಎಕ್ಸ್‌ಪಿ ತನಗೆ ತಿಳಿದ ಗುರುತು ಕಾಣದೆ ಫಾರ್ಮ್ಯಾಟ್ ಆಗಿಲ್ಲ ಎನ್ನುತ್ತದೆಯೇ ಹೊರತು, ಕಾರ್ಡ್ ಖಾಲಿ ಇದೆಯೋ ಇಲ್ಲವೋ ಎಂಬುದನ್ನು ಅದು ಪರೀಕ್ಷಿಸಿರುವುದೇ ಇಲ್ಲ.

ಇದಕ್ಕೆ ನೇರ ಪರಿಹಾರವೊಂದಿದೆ. 2009ರಲ್ಲಿ ಮೈಕ್ರೋಸಾಫ್ಟ್ ಎಕ್ಸ್‌ಪಿಗಾಗಿ ಕೆಬಿ 955704 ಎಂಬ ಅಪ್‌ಡೇಟ್ ಹೊರತಂದಿತು. ಸರ್ವಿಸ್ ಪ್ಯಾಕ್ (ಎಕ್ಸ್‌ಪಿಯ ಅಪ್‌ಡೇಟ್‌ಗಳ ಕಂತೆ) 2 ಅಥವಾ 3 ಇರುವ ಯಂತ್ರದಲ್ಲಿ ಇದನ್ನು ಹಾಕಿ ರೀಸ್ಟಾರ್ಟ್ ಮಾಡಿದರೆ ಎಕ್ಸ್‌ಪಿ ಎಕ್ಸ್‌ಫ್ಯಾಟ್ ಓದಬಲ್ಲದು. ನಿಮ್ಮಲ್ಲಿ ಯಾವ ಸರ್ವಿಸ್ ಪ್ಯಾಕ್ ಇದೆ ಎಂಬುದು ಮೈ ಕಂಪ್ಯೂಟರ್ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್ ತೆರೆದರೆ ಕಾಣುತ್ತದೆ. ಅಪ್‌ಡೇಟ್ ಫೈಲನ್ನು ಬೇರೆಯವರಿಂದ ಪಡೆದಿದ್ದರೆ, ಅದರ ಪ್ರಾಪರ್ಟೀಸ್‌ನಲ್ಲಿ ಮೈಕ್ರೋಸಾಫ್ಟ್‌ನ ಡಿಜಿಟಲ್ ಸಹಿ ಇದೆಯೇ ಎಂದು ನೋಡಿಕೊಳ್ಳದೆ ತೆರೆಯಬೇಡಿ.

ಏನನ್ನೂ ಹೊಸದಾಗಿ ಹಾಕಲು ಮನಸ್ಸಿಲ್ಲದವರು ಹೊಸ ಲ್ಯಾಪ್‌ಟಾಪಿನಲ್ಲಿ ಕಾರ್ಡ್ ತೆರೆದು, ಫೋಟೊಗಳನ್ನು ಪೆನ್‌ಡ್ರೈವಿಗೆ ಕಾಪಿ ಮಾಡಿಕೊಂಡು ತರಬಹುದು. ಪೆನ್‌ಡ್ರೈವ್ ಫ್ಯಾಟ್ 32 ಆಗಿದ್ದರೆ ಫೋಟೊಗಳಿಗೆ ಅಡ್ಡಿಯಿಲ್ಲ, ಆದರೆ 4 ಜಿಬಿ ಮತ್ತು ಅದಕ್ಕಿಂತ ದೊಡ್ಡದಾದ ಒಂದೇ ವಿಡಿಯೊ ಫೈಲ್ ಅದರಲ್ಲಿ ಕೂರುವುದಿಲ್ಲ. ಅಂಥ ಫೈಲ್‌ಗಳಿಗೆ ಎನ್‌ಟಿಎಫ್‌ಎಸ್ ಆರಿಸಿಕೊಳ್ಳಿ. ಎಕ್ಸ್‌ಪಿಯಲ್ಲಿದ್ದ 3.1 ಆವೃತ್ತಿಯ ಎನ್‌ಟಿಎಫ್‌ಎಸ್ ಅನ್ನೇ ವಿಂಡೋಸ್ 10 ಕೂಡ ಬಳಸುವುದರಿಂದ, ಮಾಮೂಲಿ ಫೈಲ್‌ಗಳು ಎರಡೂ ಕಡೆ ತೆರೆದುಕೊಳ್ಳುತ್ತವೆ.

ನೆಟ್‌ವರ್ಕ್ ಮೂಲಕ ತರುವುದಾದರೆ ಫೈಲ್ ಸಿಸ್ಟಮ್ ಓದುವ ಹೊಣೆ ಹೊಸ ಯಂತ್ರದ್ದಾಗುತ್ತದೆ, ಎಕ್ಸ್‌ಪಿಗೆ ಫೈಲ್ ಮಾತ್ರ ತಲುಪುತ್ತದೆ. ಆದರೆ ಎಕ್ಸ್‌ಪಿಗೆ ತಿಳಿದಿರುವ ಎಸ್‌ಎಂಬಿ 1 ಎಂಬ ಹಳೆಯ ಫೈಲ್ ಹಂಚಿಕೆ ಪದ್ಧತಿ ಸುರಕ್ಷಿತವಲ್ಲ, ಹೊಸ ವಿಂಡೋಸ್‌ನಲ್ಲಿ ಅದನ್ನು ಮತ್ತೆ ಆನ್ ಮಾಡುವುದು ನನಗೆ ಒಪ್ಪಿಗೆಯಿಲ್ಲ. ಎಕ್ಸ್‌ಪಿಗೆ ಮೈಕ್ರೋಸಾಫ್ಟ್ ಬೆಂಬಲವೇ ಏಪ್ರಿಲ್ 2014ರಲ್ಲಿ ನಿಂತಿರುವುದರಿಂದ, ಈ ಸ್ಟುಡಿಯೊದ ಯಂತ್ರಕ್ಕೆ ನಾವು ಇಂಟರ್‌ನೆಟ್ ಸಂಪರ್ಕ ಕೊಟ್ಟಿಲ್ಲ.

ಹಳೆಯ ಮದುವೆಗಳ ಫೋಟೊಗಳಿಗೆಂದು 4 ಟಿಬಿ ಹಾರ್ಡ್ ಡಿಸ್ಕ್ ಕೊಂಡವರಿಗೆ ಇನ್ನೊಂದು ಮಾತು. ಅಂಥ ಡಿಸ್ಕ್‌ಗಳಲ್ಲಿ ಸಾಮಾನ್ಯವಾಗಿ ಡಿಸ್ಕನ್ನು ಭಾಗಗಳಾಗಿ ಹಂಚುವ ಜಿಪಿಟಿ ಎಂಬ ಹೊಸ ಪದ್ಧತಿ ಇರುತ್ತದೆ, 32 ಬಿಟ್ ಎಕ್ಸ್‌ಪಿ ಅದನ್ನು ಓದಲಾರದು, ಮೇಲೆ ಹೇಳಿದ ಅಪ್‌ಡೇಟ್ ಕೂಡ ಇದಕ್ಕೆ ನೆರವಾಗುವುದಿಲ್ಲ. ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ "ಜಿಪಿಟಿ ಪ್ರೊಟೆಕ್ಟಿವ್ ಪಾರ್ಟಿಷನ್" ಎಂದು ಕಂಡರೆ ಅದನ್ನು ಮುಟ್ಟದೆ ಡಿಸ್ಕನ್ನು ಹೊಸ ಯಂತ್ರಕ್ಕೆ ಜೋಡಿಸಿ. ಜಾಗವಿಡೀ ಭರ್ತಿಯಾಗಿದೆ ಎಂದು ಹಳೆಯ ಯಂತ್ರಕ್ಕೆ ತೋರಿಸುವ ಕಾವಲು ಅದು.

[ದೃಶ್ಯ: ಅಂಗೈಯಲ್ಲಿ ಎಸ್‌ಡಿ ಕಾರ್ಡ್, ಎಡ ಅಂಚಿನ ಪುಟ್ಟ ಗುಂಡಿ]

ಈ ಸ್ಟುಡಿಯೊದಲ್ಲಿ ಈಗ ಯಾವ ಕಾರ್ಡನ್ನೂ ಎಕ್ಸ್‌ಪಿಗೆ ಹಾಕುವ ಮುನ್ನ, ಎಡ ಅಂಚಿನ ಗುಂಡಿಯನ್ನು ಉಗುರಿನಿಂದ ಲಾಕ್ ಕಡೆಗೆ ಸರಿಸುತ್ತಾರೆ. ಹೆಚ್ಚಿನ ಕಾರ್ಡ್ ರೀಡರ್‌ಗಳು ಈ ಲಾಕನ್ನು ಗೌರವಿಸುವುದರಿಂದ, ಅವಸರದಲ್ಲಿ "ಯೆಸ್" ಒತ್ತಿದರೂ ಫಾರ್ಮ್ಯಾಟ್ ಆಗುವುದಿಲ್ಲ. ಕಾರ್ಡನ್ನು ಕ್ಯಾಮೆರಾಕ್ಕೆ ಮರಳಿ ಹಾಕುವಾಗ ಗುಂಡಿಯನ್ನು ಮೊದಲಿನ ಜಾಗಕ್ಕೆ ಸರಿಸಿ, ಒಂದು ಫೋಟೊ ತೆಗೆದು ನೋಡಿಕೊಳ್ಳಿ. ಲಾಕ್ ಹಾಗೆಯೇ ಉಳಿದಿದ್ದರೆ, ಮಂಟಪದಲ್ಲಿ ಮಾಂಗಲ್ಯಧಾರಣೆಯ ಹೊತ್ತಿಗೆ ಕ್ಯಾಮೆರಾ ಒಂದು ಚಿತ್ರವನ್ನೂ ಉಳಿಸಿಕೊಳ್ಳುವುದಿಲ್ಲ.